ಹರಿಹರದ ಕೊಳವೆಗೆ ಇಳಿದ ಕಾರು

ಕುರ್ಚಿ ಎಳೆದುಕೊಟ್ಟರೂ ಇಂಜಿನಿಯರ್ ಕೂರಲಿಲ್ಲ. ನನ್ನ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಕಾರುಗಳನ್ನು ಒಂದೊಂದಾಗಿ ನೋಡುತ್ತ, ನಿಂತಲ್ಲಿಂದಲೇ ಕೇಳಿದರು.

"ಮೇಡಂ, ನಿಮ್ಮ ನಾದಿನಿ ಓಡಿಸ್ತಾರಲ್ಲ, ಬಂಡೆ ಹತ್ತೋ ಕಾರು. ಅದು ಕೊಳವೆ ಒಳಗೆ ಹೋಗ್ತೈತಾ?"

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ವರ್ಕ್‌ಶಾಪ್. ದೊಡ್ಡವರು ಹವ್ಯಾಸಕ್ಕೆ ಇಟ್ಟುಕೊಳ್ಳುವ ರಿಮೋಟ್ ಕಾರುಗಳನ್ನು ರಿಪೇರಿ ಮಾಡುತ್ತೇನೆ. ಈ ಇಂಜಿನಿಯರ್ ಹರಿಹರದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವರು. ಅವರದ್ದೂ ಒಂದು ಕಾರಿತ್ತು, ಆಗಾಗ ತರುತ್ತಿದ್ದರು. ಆ ದಿನ ಬರಿಗೈಯಲ್ಲಿ ಬಂದಿದ್ದರು.

ಎಂಥ ಕೊಳವೆ ಎಂದು ಕೇಳಿದೆ. ಕಾರ್ಖಾನೆಗೂ ಅದರ ಕ್ವಾರ್ಟರ್ಸಿನ ಮನೆಗಳಿಗೂ ತುಂಗಭದ್ರೆಯಿಂದ ನೀರು ಬರುವ ಕೊಳವೆ ಅಂದರು. ನದಿಯ ದಂಡೆಯಲ್ಲಿ ಅದರ ಬಾಯಿ, ಆಚೆ ತುದಿಯಲ್ಲಿ ಪಂಪುಗಳಿರುವ ಆಳದ ಬಾವಿ, ನಡುವೆ ಒಂದು ಮಣ್ಣುರಸ್ತೆಯ ಕೆಳಗೆ ಹಾದುಹೋಗುವ ಸಿಮೆಂಟಿನ ಕೊಳವೆ. ಮನುಷ್ಯ ತೆವಳಿಕೊಂಡು ಹೋಗುವಷ್ಟು ಅಗಲ. ಕೆಲವು ದಿನಗಳಿಂದ ಬಾವಿಗೆ ನೀರು ಬರುವುದು ತೀರಾ ಕಡಿಮೆಯಾಗಿತ್ತು. ಒಳಗೆ ಏನೋ ಕಟ್ಟಿಕೊಂಡಿತ್ತು.

"ಕೊಳವೆಗೆ ಕ್ಯಾಮೆರಾ ಬಿಡೋ ಯಂತ್ರದೋರನ್ನ ಕೇಳಿದೆ. ಹತ್ತು ಹನ್ನೆರಡು ದಿನ ಆಗ್ತೈತೆ ಅಂತಾರೆ. ಅಲ್ಲಿತನಕ ನಮ್ಮೋರು ಕಾಯಲ್ಲ. ನಾಡಿದ್ದು ಬೆಳಿಗ್ಗೆ ಗುತ್ತಿಗೆದಾರರು ಒಬ್ಬನ್ನ ಒಳಗೆ ಬಿಡ್ತಾರೆ."

"ಒಳಗೆ ಗಾಳಿ ಹೆಂಗೈತೆ?"

"ಅದೇ ಗೊತ್ತಿಲ್ಲ. ಕೊಳವೆ ಬಾಯಲ್ಲಿ ಗ್ಯಾಸ್ ಮೀಟರ್ ಹಿಡಿದ್ರೆ ಸರಿ ತೋರಿಸ್ತೈತೆ. ನಡುವೆ ಹೆಂಗೈತೋ. ಆ ಮೀಟರನ್ನ ಕಾರಿನ ಮ್ಯಾಲೆ ಕಟ್ಟಿ ಒಳಗೆ ಕಳಿಸಿ, ಕಾರಿನ ಕ್ಯಾಮೆರಾದಾಗ ಓದಾಕ ಆಗ್ತೈತಾ ಅಂತ ಕೇಳಾಕ ಬಂದೆ."

ಆಗುತ್ತದೆ ಎಂದುಬಿಟ್ಟೆ. ಅವರ ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಕರಗುವ ಮೊದಲೇ ನನಗೆ ಕಳವಳ ಶುರುವಾಯಿತು. ಆ ಕಾರು ಬಯಲಲ್ಲಿ ಕೆಟ್ಟರೆ ಹೋಗಿ ಎತ್ತಿಕೊಂಡು ಬರುತ್ತೇವೆ. ಕೊಳವೆಯೊಳಗೆ ಕೆಟ್ಟು ನಿಂತರೆ ಅದನ್ನು ತರಲು ಒಬ್ಬ ಮನುಷ್ಯ ಹೋಗಬೇಕು. ಯಾರೂ ಹೋಗದಿರಲಿ ಎಂದು ಕಳಿಸುವ ಕಾರೇ ಒಬ್ಬನನ್ನು ಒಳಗೆ ಎಳೆದುಕೊಂಡರೆ?

ಕಾರು ನಾದಿನಿಯದು, ಅದರ ಹೊಟ್ಟೆಯೊಳಗಿನ ಕೆಲಸವೆಲ್ಲ ನನ್ನದು. ನಾದಿನಿಗೆ ಬ್ಯಾಂಕಿನಲ್ಲಿ ಕೆಲಸ. ಭಾನುವಾರ ಬಂದರೆ ಶಾಮನೂರಿನ ಕಡೆ ಹೊಸ ಲೇಔಟುಗಳಲ್ಲಿ ಸುರಿದ ಜಲ್ಲಿಯ ಗುಡ್ಡೆಗಳ ಮೇಲೆ ಕಾರು ಹತ್ತಿಸುತ್ತಾಳೆ. ಅವಳಿಗೆ ಫೋನ್ ಮಾಡಿ ಹೇಳಿದೆ. "ನಾಡಿದ್ದು ರಜಾ ಹಾಕ್ತೀನಿ ಅತ್ತಿಗೆ, ನೀವು ಗಾಡಿ ರೆಡಿ ಮಾಡ್ರಿ," ಅಂದಳು, ಒಂದು ಪ್ರಶ್ನೆಯನ್ನೂ ಕೇಳದೆ.

ಕೆಲಸ ಶುರುವಾಗಿದ್ದು ಸರ್ವೋದಿಂದ. ಮುಂದಿನ ಚಕ್ರಗಳನ್ನು ಎಡಕ್ಕೆ ಬಲಕ್ಕೆ ಹೊರಳಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಗೆ ಸರ್ವೋ ಅನ್ನುತ್ತೇವೆ. ಒಳಗೊಂದು ಸಣ್ಣ ಮೋಟಾರು, ಕೆಲವು ಹಲ್ಲಿನ ಗಾಲಿಗಳು. ರಿಮೋಟಿನ ಸಂಕೇತವನ್ನು ಹಿಡಿದು ಸರ್ವೋಗೆ ದಾಟಿಸುವುದು ರಿಸೀವರ್. ಸರ್ವೋದಿಂದ ಮೂರು ವೈರು ಹೊರಡುತ್ತವೆ. ಕೆಂಪು ಮತ್ತು ಕಪ್ಪು ಕರೆಂಟಿಗೆ, ಬಿಳಿಯದು ಸಂಕೇತಕ್ಕೆ. ಮೂರನ್ನೂ ಒಂದೇ ಪಿನ್ನಿನಲ್ಲಿ ರಿಸೀವರಿಗೆ ಚುಚ್ಚುವುದು ವಾಡಿಕೆ. ಹಾಗೆ ಮಾಡಿದರೆ ಸರ್ವೋದ ಕರೆಂಟೂ ರಿಸೀವರಿನ ಮೂಲಕವೇ ಹರಿಯುತ್ತದೆ.

ಕಾರಿನಲ್ಲಿದ್ದ ಹಳೆಯ ಸರ್ವೋ ಆರು ವೋಲ್ಟಿನದು. ಗ್ಯಾಸ್ ಮೀಟರಿನ ತೂಕದ ಒಂದು ಕಬ್ಬಿಣದ ತುಂಡನ್ನು ಕಾರಿನ ಬೆನ್ನಿಗೆ ಕಟ್ಟಿ, ಹಿತ್ತಲ ಕೆಸರಿನಲ್ಲಿ ನಿಲ್ಲಿಸಿ ನೋಡಿದೆ. ಚಕ್ರ ಅರ್ಧ ಹೊರಳಿ ನಡುಗುತ್ತ ನಿಂತಿತು. ಇದು ಸಾಲದು. ನನ್ನ ಹತ್ತಿರ ಹೈ ವೋಲ್ಟೇಜ್ ಸರ್ವೋ ಒಂದಿತ್ತು. ಎಂಟು ವೋಲ್ಟಿನ ಮೇಲೆ ಒಂದಿಷ್ಟು ಕೊಟ್ಟರೂ ತಡೆಯುತ್ತದೆ, ಬಲ ಎರಡರಷ್ಟು. ಆದರೆ ಹಾಗೇ ತೆಗೆದು ಹಾಕುವಂತಿಲ್ಲ. ಹಳೆಯ ರಿಸೀವರಿನ ಬೆನ್ನ ಮೇಲೆ ಆರು ವೋಲ್ಟ್ ಎಂದು ಅಚ್ಚೊತ್ತಿತ್ತು. ಅದರ ಮೂಲಕ ಏಳೂ ಚಿಲ್ಲರೆ ಹರಿಸಿದರೆ ಸುಟ್ಟು ವಾಸನೆ ಬರುತ್ತದೆ, ಅಷ್ಟೇ. ಹಾಗಾಗಿ ರಿಸೀವರನ್ನೂ ಬದಲಿಸಿದೆ, ಹೆಚ್ಚು ವೋಲ್ಟು ತಾಳುವಂಥದನ್ನು ಹಾಕಿದೆ.

ಕಾರಿನ ಬ್ಯಾಟರಿ ಹನ್ನೊಂದು ವೋಲ್ಟಿನದು. ಅದನ್ನು ಇಳಿಸಿಕೊಡಲು ಬಿಇಸಿ ಎಂಬ ಸಣ್ಣ ಬೋರ್ಡು ಬೇಕು. ಅದನ್ನು ಏಳೂವರೆಗೆ ಸ್ವಲ್ಪ ಕಡಿಮೆ ಇರುವಂತೆ ಹೊಂದಿಸಿ, ವೋಲ್ಟ್ ಮೀಟರ್ ಹಿಡಿದು ಎರಡೆರಡು ಸಲ ನೋಡಿದೆ. ಇನ್ನೊಂದು ಎಚ್ಚರ ಬೇಕಿತ್ತು. ಚಕ್ರ ಓಡಿಸುವ ಮೋಟಾರನ್ನು ನಿಯಂತ್ರಿಸುವ ಬೋರ್ಡು ತನ್ನದೇ ಆರು ವೋಲ್ಟನ್ನು ಕೆಂಪು ವೈರಿನಲ್ಲಿ ರಿಸೀವರಿಗೆ ಕಳಿಸುತ್ತಿರುತ್ತದೆ. ಎರಡು ಕಡೆಯಿಂದ ಕರೆಂಟು ಬಂದರೆ ಒಂದನ್ನೊಂದು ತಳ್ಳಾಡುತ್ತವೆ. ಆ ಕೆಂಪು ವೈರನ್ನು ಪಿನ್ನಿನಿಂದ ಸೂಜಿಯಲ್ಲಿ ಎಬ್ಬಿಸಿ ಹೊರತೆಗೆದು, ತುದಿಗೆ ಪ್ಲಾಸ್ಟಿಕ್ ತೋಳು ಹಾಕಿ, ಬಿಸಿ ಮಾಡಿ ಮುಚ್ಚಿ, ಬದಿಗೆ ಮಡಚಿ ಕಟ್ಟಿದೆ. ವೋಲ್ಟೇಜು ಗಕ್ಕನೆ ಕುಸಿಯದಿರಲಿ ಎಂದು ರಿಸೀವರಿಗೆ ಒಂದು ಕೆಪಾಸಿಟರ್ ಸೇರಿಸಿದೆ. ಸಂಕೇತ ತಪ್ಪಿದರೆ ಕಾರು ತಾನಾಗಿ ನಿಲ್ಲುವಂತೆ ರಿಮೋಟಿನಲ್ಲಿ ಹೊಂದಿಸಿದೆ. ಮುಂದಿನ ಚಕ್ರವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ರಿಮೋಟ್ ತಿರುಗಿಸಿದೆ. ಸರ್ವೋ ನನ್ನ ಮಣಿಕಟ್ಟನ್ನೇ ತಿರುಚಿತು. ರಿಸೀವರಿನ ದೀಪ ಅಲುಗಲಿಲ್ಲ.

ಮರುದಿನ ಸಂಜೆ ಶಾಮನೂರಿನ ಆಚೆ ಓಡಿಸಿ ನೋಡಿದೆವು. ಚರಂಡಿಗೆಂದು ತಂದು ಹಾಕಿದ್ದ ಕೊಳವೆಗಳು ಸಾಲಾಗಿ ಬಿದ್ದಿದ್ದವು. ಅವುಗಳೊಳಗೆ ಕಲ್ಲು ಹಾಕಿ, ನೀರು ಸುರಿದು ಹತ್ತಾರು ಸಲ ಹೋಗಿ ಬಂದೆವು. ಒಂದು ತಕರಾರೂ ಇಲ್ಲ. ನಾದಿನಿ ಖುಷಿಯಲ್ಲಿದ್ದಳು. ನಾನು ಮನೆಗೆ ಬಂದು ಮತ್ತೆ ಮುಚ್ಚಳ ಬಿಚ್ಚಿ ಪ್ರತಿ ಪಿನ್ನನ್ನೂ ಒತ್ತಿ ನೋಡಿದೆ. ಮುಚ್ಚಿದ ಮೇಲೆ, ಒತ್ತುವಾಗ ಯಾವುದಾದರೂ ಸಡಿಲಾಯಿತೇನೋ ಎಂದು ಇನ್ನೊಮ್ಮೆ ಬಿಚ್ಚಿದೆ. ಅತ್ತೆ ಬಾಗಿಲಲ್ಲಿ ನಿಂತು, "ಅದನ್ನ ಅಲ್ಲಿಗೆ ಬಿಡು, ಉಣ್ಣು ಬಾ," ಅಂದರು.

ಹರಿಹರ ತಲುಪಿದಾಗ ಬಿಸಿಲು ಏರುತ್ತಿತ್ತು. ನದಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಕೊಳವೆಯ ಬಾಯಿಗೆ ಮರಳಿನ ಚೀಲ ಒಟ್ಟಿ ನೀರು ತಡೆದಿದ್ದರು. ಒಳಗೆ ಕೆಸರೂ ಕಾಲು ಮುಳುಗದಷ್ಟು ನೀರೂ ಉಳಿದಿತ್ತು. ಇಂಜಿನಿಯರ್ ಅಲ್ಲೇ ಇದ್ದರು. ಪಕ್ಕದಲ್ಲಿ ಗುತ್ತಿಗೆದಾರರು, ತಲೆ ನರೆತ, ಗಟ್ಟಿ ಮೈಯ ಮನುಷ್ಯ. ಸ್ವಲ್ಪ ದೂರದಲ್ಲಿ ಬನಿಯನ್ನು, ಚಡ್ಡಿ ತೊಟ್ಟು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬಾತ ಕಲ್ಲಿನ ಮೇಲೆ ಕೂತಿದ್ದ. ಒಳಗೆ ಹೋಗಬೇಕಾದವನು ಅವನೇ. ನನ್ನ ಕೈಯಲ್ಲಿದ್ದ ಕಾರನ್ನೂ ನನ್ನನ್ನೂ ನೋಡಿ ಮುಖ ತಿರುಗಿಸಿದ.

ಗುತ್ತಿಗೆದಾರರು ಇಂಜಿನಿಯರನ್ನು ಕೇಳಿದರು: "ಇದೇನ್ರಿ ಸಾಹೇಬ್ರ, ಆಟದ ಸಾಮಾನು?"

"ಒಂದು ಸಲ ಹೋಗಿ ಬರ್ಲಿ. ಆಮೇಲೆ ನೋಡಾಣ."

"ನಾನೇ ಎಷ್ಟು ಸಲ ಇದರಾಗ ಹೋಗಿ ಬಂದೀನಿ. ಏನಾಗೈತೆ ನಂಗೆ?"

ಇಂಜಿನಿಯರ್ ಮೀಟರನ್ನು ನನ್ನ ಕೈಗಿತ್ತರು. ಅಂಗೈಯಗಲದ ಹಳದಿ ಪೆಟ್ಟಿಗೆ, ಆಮ್ಲಜನಕ ಎಷ್ಟಿದೆ, ವಿಷಗಾಳಿ ಎಷ್ಟಿದೆ ಎಂದು ಅಂಕಿಯಲ್ಲಿ ತೋರಿಸುತ್ತದೆ. ಮಾಮೂಲು ಗಾಳಿಯಲ್ಲಿ ಆಮ್ಲಜನಕದ ಅಂಕಿ ಇಪ್ಪತ್ತೊಂದರ ಹತ್ತಿರ ಇರುತ್ತದೆ. ಹತ್ತೊಂಬತ್ತೂವರೆಗಿಂತ ಇಳಿದರೆ ಅದು ಕೂಗುತ್ತದೆ, ಕೆಂಪು ದೀಪ ಮಿನುಗಿಸುತ್ತದೆ. ಅದನ್ನು ಕಾರಿನ ಮೂತಿಯ ಮೇಲೆ, ಕ್ಯಾಮೆರಾದ ಕಣ್ಣಿಗೆ ಅರ್ಧ ಮೀಟರ್, ಅರ್ಧ ದಾರಿ ಕಾಣುವಂತೆ ಓರೆಯಾಗಿ ಕಟ್ಟಿದೆ. ಹಿಂದಕ್ಕೆ ನೈಲಾನ್ ಹಗ್ಗ ಬಿಗಿದೆ. ಕಾರು ಎಷ್ಟು ದೂರ ಹೋಯಿತೆಂದು ತಿಳಿಯಲು ಹಗ್ಗದಲ್ಲಿ ಮಾರಿಗೊಂದು ಗಂಟು ಹಾಕಿತ್ತು. ರೇಡಿಯೋ ಅಲೆ ಮಣ್ಣನ್ನು ತೂರಿ ಹೋಗುವುದಿಲ್ಲ. ಆದರೆ ಕೊಳವೆ ನೇರವಾಗಿದ್ದು, ರಿಮೋಟನ್ನು ಅದರ ಬಾಯಿಗೇ ಹಿಡಿದರೆ ಒಳಗೆ ದೂರದವರೆಗೂ ತಲುಪುತ್ತದೆ. ನಾದಿನಿ ಬಾಯಿಯ ಎದುರಿಗೇ ಗೋಣಿಚೀಲದ ಮೇಲೆ ಕೂತಳು. ಕ್ಯಾಮೆರಾದ ಚಿತ್ರ ತೋರಿಸುವ ಸ್ಕ್ರೀನನ್ನು ಪಕ್ಕದ ಕಲ್ಲಿನ ಮೇಲಿಟ್ಟು ಮೇಲೊಂದು ಟವಲ್ ಹೊದಿಸಿ ನೆರಳು ಮಾಡಿದೆವು.

ಕಾರು ಒಳಗೆ ಹೋಯಿತು. ಹಗ್ಗ ನನ್ನ ಬೆರಳುಗಳ ನಡುವೆ ಜಾರುತ್ತಿತ್ತು. ಸ್ಕ್ರೀನಿನಲ್ಲಿ ಕಪ್ಪು ಕೆಸರು, ಕಾರಿನ ದೀಪದಲ್ಲಿ ಹೊಳೆಯುವ ನೀರು, ಮೀಟರಿನ ಅಂಕಿ ಇಪ್ಪತ್ತೂ ಚಿಲ್ಲರೆ. ಒಂದಿಷ್ಟು ದೂರ ಹೋದ ಮೇಲೆ ಕಲ್ಲುಗಳು ಶುರುವಾದವು. ನಾದಿನಿ ಎರಡು ಕಲ್ಲಿನ ಸಂದಿಯಿಂದ ಚಕ್ರ ಹೊರಳಿಸಲು ನೋಡಿದಳು. ಕಾರು ನಿಂತಿತು.

"ಅತ್ತಿಗೆ, ಕೈಗೆ ಸಿಗ್ತಿಲ್ಲ."

"ಅಂದ್ರೆ?"

"ಏನ್ ಒತ್ತಿದ್ರೂ ಇಲ್ಲ. ಹಾಂ, ಈಗ ಬಂತು. ಇಲ್ಲ, ಮತ್ತೆ ಹೋಯ್ತು."

ಚಿತ್ರ ಬರುತ್ತಲೇ ಇತ್ತು, ಕ್ಯಾಮೆರಾಕ್ಕೆ ಬೇರೆ ಕರೆಂಟಿತ್ತು. ರಿಸೀವರು ಮಾತ್ರ ಸತ್ತು ಸತ್ತು ಹುಟ್ಟುತ್ತಿತ್ತು. ಚಕ್ರ ಕಲ್ಲಿಗೆ ಒತ್ತಿದಾಗಲೆಲ್ಲ ಹೀಗೆ. ಬೇರೆ ದಾರಿ ಇರಲಿಲ್ಲ, ಹಗ್ಗ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದೆ. ಕಾರು ಮಗುಚಿಕೊಂಡೇ ಹೊರಗೆ ಬಂತು.

ಗುತ್ತಿಗೆದಾರರು ಸ್ಕ್ರೀನಿನ ಕಡೆ ಕೈ ತೋರಿಸಿ, "ನೋಡಿದ್ರಲ್ಲ ಸಾಹೇಬ್ರ, ಅಲ್ಲಿತನಕ ಗಾಳಿ ಚೆನ್ನಾಗೈತೆ. ನಿಮ್ಮ ಮೀಟರೇ ಹೇಳ್ತು. ಇನ್ನೇನು?" ಅಂದರು. ಕಲ್ಲಿನ ಮೇಲೆ ಕೂತಿದ್ದಾತ ಎದ್ದು ಹಗ್ಗದ ಗಂಟು ಬಿಗಿಮಾಡಿಕೊಂಡ. ಏನೂ ಗೊತ್ತಿಲ್ಲದಾಗ ಇಂಜಿನಿಯರ್ ಬೇಡ ಅನ್ನಬಹುದಿತ್ತು. ಈಗ ನಾನು ಅರ್ಧ ಗೊತ್ತು ಮಾಡಿಕೊಟ್ಟಿದ್ದೆ. ಆ ಅರ್ಧವೇ ಆತನನ್ನು ಒಳಗೆ ಕಳಿಸುವಂತಿತ್ತು.

"ಊಟದ ಹೊತ್ತಿನ ತನಕ ನಂಗೆ ಬಿಡ್ರಿ. ಅಷ್ಟರಾಗ ಸರಿ ಮಾಡ್ತೀನಿ," ಅಂದೆ.

ಗುತ್ತಿಗೆದಾರರು ನಕ್ಕರು. ಇಂಜಿನಿಯರ್ ನನ್ನ ಮುಖ ನೋಡಿದರು, ಆಮೇಲೆ ಅವರಿಗೆ ಹೇಳಿದರು: "ಊಟದ ತನಕ. ಅಲ್ಲಿತನಕ ಯಾರೂ ಇಳಿಯಂಗಿಲ್ಲ."

ಪಂಪ್‌ಹೌಸಿನಲ್ಲಿ ಒಂದು ಪ್ಲಗ್ಗಿತ್ತು, ಕಾಲು ಅಲುಗುವ ಒಂದು ಮೇಜಿತ್ತು. ಸೋಲ್ಡರಿಂಗ್ ಕಡ್ಡಿಯನ್ನು ಕಾಯಲು ಇಟ್ಟು, ಮೊದಲು ರೋಗ ಏನೆಂದು ನೋಡಿದೆ. ಮುಂದಿನ ಚಕ್ರವನ್ನು ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಸಿ, ವೋಲ್ಟ್ ಮೀಟರಿನ ಕಡ್ಡಿಗಳನ್ನು ರಿಸೀವರಿನ ಪಿನ್ನಿಗೆ ಮುಟ್ಟಿಸಿ, ನಾದಿನಿಗೆ ತಿರುಗಿಸಲು ಹೇಳಿದೆ. ಏಳು ಚಿಲ್ಲರೆ ಇದ್ದ ಅಂಕಿ ಐದಕ್ಕೆ, ನಾಲ್ಕಕ್ಕೆ, ಮೂರಕ್ಕೆ ಇಳಿಯಿತು. ರಿಸೀವರಿನ ದೀಪ ಆರಿತು. ಮನೆಯಲ್ಲಿ ನಾನು ಚಕ್ರವನ್ನು ಹಿಡಿದಿದ್ದು ಕೈಯಲ್ಲಿ. ಕೈ ಎಷ್ಟಾದರೂ ಜಗ್ಗುತ್ತದೆ, ಕಲ್ಲು ಜಗ್ಗುವುದಿಲ್ಲ. ಪೂರ್ತಿ ಸಿಕ್ಕಿಕೊಂಡ ಹೈ ವೋಲ್ಟೇಜ್ ಸರ್ವೋ ಎಳೆಯುವಷ್ಟು ಕರೆಂಟನ್ನು ಆ ಬಿಇಸಿ ಕೊಡಲಾರದು. ವೋಲ್ಟೇಜು ಕುಸಿದಾಗ ಅದೇ ತಂತಿಯಲ್ಲಿ ಕೂತ ರಿಸೀವರೂ ಕುಸಿಯುತ್ತದೆ. ಕೆಪಾಸಿಟರ್ ಒಂದು ಕ್ಷಣದ ಹಸಿವಿಗೆ ಆಗುತ್ತದೆ, ಇಷ್ಟು ಹೊತ್ತಿನದಕ್ಕಲ್ಲ.

ದೊಡ್ಡ ಬಿಇಸಿ ದಾವಣಗೆರೆಯಲ್ಲೂ ಸಿಗುವುದಿಲ್ಲ. ಉಳಿದ ದಾರಿ ಒಂದೇ. ಸರ್ವೋ ಹಸಿದು ಸೋತರೂ ರಿಸೀವರು ಎಚ್ಚರವಾಗಿರಬೇಕು, ಎಂದರೆ ಇಬ್ಬರ ಊಟವನ್ನು ಬೇರೆ ಮಾಡಬೇಕು. ಅದಕ್ಕೆ ಸರ್ವೋದ ಮೂರು ವೈರಿನ ಜಡೆಯನ್ನು ಕತ್ತರಿಸಬೇಕಿತ್ತು. ಬೇರೆ ಸರ್ವೋ ತಂದಿರಲಿಲ್ಲ. ಕತ್ತರಿ ಹಿಡಿದು ಸುಮ್ಮನೆ ನಿಂತೆ. ಇದೂ ಆಗದಿದ್ದರೆ ಮತ್ತೆ ಮೊದಲಿನ ಹಾಗೆ ಜೋಡಿಸುವಷ್ಟು ಹೊತ್ತು ಉಳಿಯುವುದಿಲ್ಲ.

"ಕತ್ತರಿಸ್ರಿ ಅತ್ತಿಗೆ," ಅಂದಳು ನಾದಿನಿ. "ಈಗಿರೋದಂತೂ ಓಡಲ್ಲ."

ಕತ್ತರಿಸಿದೆ. ಕೆಂಪು ಕಪ್ಪು ಎರಡನ್ನೂ ಬಿಇಸಿಗೆ ನೇರವಾಗಿ ಬೆಸೆದೆ, ಬಿಳಿಯದನ್ನು ಮಾತ್ರ ರಿಸೀವರಿಗೆ ಬಿಟ್ಟೆ. ಬಿಇಸಿಯಿಂದ ರಿಸೀವರಿಗೆ ಹೋಗುತ್ತಿದ್ದ ವೈರನ್ನು ಕಿತ್ತೆ. ಬದಿಗೆ ಮಡಚಿಟ್ಟಿದ್ದ ಆರು ವೋಲ್ಟಿನ ಕೆಂಪು ವೈರನ್ನು ಬಿಚ್ಚಿ ಮತ್ತೆ ಪಿನ್ನಿಗೆ ಕೂರಿಸಿದೆ. ಇನ್ನು ರಿಸೀವರಿಗೆ ಅದರದೇ ಕರೆಂಟು, ಸರ್ವೋಗೆ ಅದರದೇ.

ಒಳಗೆ ಹೋಗಬೇಕಿದ್ದಾತ ಬಂದು ಬಾಗಿಲ ಹತ್ತಿರ ಕೂತು ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ: "ಇಂಥವು ಬಂದ್ರೆ ನಮ್ಮನ್ನ ಯಾರು ಕರೀತಾರೆ ಅಕ್ಕಾರೆ?"

ವ್ಯಂಗ್ಯ ಇರಲಿಲ್ಲ, ನಿಜಕ್ಕೂ ಕೇಳಿದ್ದ. "ಅದರಾಗ ಇಳಿಯಾಕ ನಿಮಗ ಹೆದರಿಕೆ ಆಗಲ್ವಾ?" ಅಂದೆ.

"ಆಗ್ತೈತೆ. ಆದ್ರೂ ಇದು ನಂಗೆ ಬರೋ ಕೆಲಸ. ಬ್ಯಾರೆಯೋರು ಒಳಗೆ ಹೋದ್ರೆ ಗಾಬರಿ ಆಗ್ತಾರೆ. ನಾ ಆಗಲ್ಲ. ಅದಕ್ಕೇ ಕರೀತಾರೆ."

ಕೈಯಲ್ಲಿ ಕಾದ ಕಡ್ಡಿ ಇತ್ತು. ಕೆಲಸ ಮುಂದುವರಿಸಿದೆ.

ಬ್ಯಾಟರಿ ಚುಚ್ಚಿದಾಗ ಮುಂದಿನ ಚಕ್ರಗಳು ಚಳಿ ಹಿಡಿದಂತೆ ಗಡಗಡ ನಡುಗಿದವು. ಕರೆಂಟು ಸರಿ, ಸಂಕೇತವೂ ಸರಿ, ಮತ್ತೇನು? ಮೇಜಿನ ಸುತ್ತ ಎರಡು ಸುತ್ತು ಹಾಕಿದೆ. ಆಮೇಲೆ ಹೊಳೆಯಿತು. ಸಂಕೇತ ಹೋಗಲು ಬಿಳಿ ವೈರಿದೆ, ಅದು ಮರಳುವ ಕಪ್ಪು ದಾರಿ ಹತ್ತಿರದಲ್ಲಿಲ್ಲ. ಮೋಟಾರು ಗದ್ದಲ ಎಬ್ಬಿಸುವ ದಪ್ಪ ವೈರುಗಳನ್ನೆಲ್ಲ ಸುತ್ತಿಕೊಂಡು ಬರಬೇಕು. ಸರ್ವೋದ ಕಪ್ಪು ವೈರಿನಿಂದ ರಿಸೀವರಿನ ಕಪ್ಪು ಪಿನ್ನಿಗೆ ಗೇಣುದ್ದದ ತೆಳು ವೈರೊಂದನ್ನು ಬೆಸೆದೆ. ನಡುಕ ನಿಂತಿತು. ಮತ್ತೆ ಇಟ್ಟಿಗೆಗಳ ನಡುವೆ ಚಕ್ರ ಸಿಕ್ಕಿಸಿ ತಿರುಗಿಸಿದೆವು. ಸರ್ವೋದ ವೋಲ್ಟೇಜು ಮೂರಕ್ಕೆ ಬಿತ್ತು, ಅದು ಗುಂಯ್ ಎಂದು ನರಳಿತು. ರಿಸೀವರಿನ ದೀಪ ಕಣ್ಣು ಮಿಟುಕಿಸಲಿಲ್ಲ. ನಾದಿನಿ ರಿಮೋಟ್ ಸಡಿಲ ಬಿಟ್ಟ ಕೂಡಲೇ ಚಕ್ರ ನೇರವಾಯಿತು.

ಪೆಟ್ಟಿಗೆಯ ಅಂಚಿಗೆ ಗ್ರೀಸು ಬಳಿದು, ಮುಚ್ಚಳ ಬಿಗಿದು, ಓಡುವ ನಡಿಗೆಯಲ್ಲೇ ದಂಡೆಗೆ ಇಳಿದೆವು. ಗುತ್ತಿಗೆದಾರರು ಗಡಿಯಾರ ನೋಡುತ್ತಿದ್ದರು.

ಈ ಸಲ ಕಲ್ಲುಗಳ ಹತ್ತಿರ ಬಂದಾಗ ನಾನು ಸ್ಕ್ರೀನು ನೋಡಲಿಲ್ಲ, ನಾದಿನಿಯ ಹೆಬ್ಬೆರಳನ್ನು ನೋಡಿದೆ. ಅದು ಒತ್ತಿತು, ಸಡಿಲಿತು, ಇನ್ನೊಂದು ಕಡೆ ಒತ್ತಿತು. "ದಾಟ್ತು," ಅಂದಳು. ಹಗ್ಗ ಮತ್ತೆ ನನ್ನ ಬೆರಳಲ್ಲಿ ಓಡತೊಡಗಿತು.

ಕಲ್ಲುಗಳ ಆಚೆ ಕೊಳವೆ ಸ್ವಲ್ಪ ತಗ್ಗಿಗೆ ಇಳಿಯುತ್ತಿತ್ತು. ಕೆಸರು ದಪ್ಪವಾಯಿತು, ಅದರ ಮೇಲೆ ಗುಳ್ಳೆಗಳು. ಮೀಟರಿನ ಅಂಕಿ ಇಪ್ಪತ್ತಕ್ಕೆ ಇಳಿದಿತ್ತು. ಇಂಜಿನಿಯರ್ ಟವಲ್ಲಿನ ಒಳಗೆ ತಲೆ ಹಾಕಿ ಓದಿ ಹೇಳುತ್ತಿದ್ದರು. ಹತ್ತೊಂಬತ್ತೂವರೆ ಅಂದರು. ಆ ಕ್ಷಣಕ್ಕೆ ಕೊಳವೆಯ ಬಾಯಿಂದ ಕೀಂ ಕೀಂ ಎಂಬ ಕೂಗು ಬಂತು, ದೂರದಿಂದ, ಸಣ್ಣಗೆ. ನದಿಯ ಸದ್ದಿನ ನಡುವೆಯೂ ಎಲ್ಲರಿಗೂ ಕೇಳಿಸಿತು. ಹಗ್ಗ ಕಟ್ಟಿಕೊಂಡಿದ್ದಾತ ಎದ್ದು ಬಂದು ನಮ್ಮ ಹಿಂದೆ ನಿಂತ.

"ಹದಿನೆಂಟು," ಅಂದರು ಇಂಜಿನಿಯರ್. ಆಮೇಲೆ, "ಹದಿನಾರು." ಕೂಗು ನಿಲ್ಲಲಿಲ್ಲ. "ಹದಿನಾಲ್ಕರ ಹತ್ರ ಐತೆ. ಸಾಕು ಮೇಡಂ."

"ಅಲ್ಲಿ ಏನೋ ಕಾಣ್ತೈತೆ," ಅಂದಳು ನಾದಿನಿ.

ದೀಪದ ತುದಿಯಲ್ಲಿ ಕೊಳವೆ ಮುರಿದಂತೆ ಕಂಡಿತು. ಎರಡು ಕೊಳವೆಗಳು ಕೂಡುವ ಜಾಗದಲ್ಲಿ ಮುಂದಿನದು ಒಂದು ಗೇಣಿನಷ್ಟು ಕೆಳಗೆ ಕುಸಿದಿತ್ತು. ಮೇಲಿನ ಸಂದಿಯಿಂದ ಮಣ್ಣು ಇಳಿದು, ಆಚೆಗೆ ಗುಡ್ಡೆಯಾಗಿ ದಾರಿ ಮುಚ್ಚಿತ್ತು. ನೀರು ನಿಂತಿದ್ದು ಅಲ್ಲೇ. ನಾದಿನಿ ಇನ್ನೊಂದು ಮೊಳ ಮುಂದೆ ಬಿಟ್ಟಳು, ಚೆನ್ನಾಗಿ ಕಾಣಲಿ ಎಂದು. ಕಾರು ಆ ಮೆಟ್ಟಿಲಿನಿಂದ ಕೆಳಗೆ ಜಾರಿ ಬಿತ್ತು.

ಹಿಂದಕ್ಕೆ ಬರಲಿಲ್ಲ. ಚಕ್ರಗಳು ಎಡಕ್ಕೆ ಬಲಕ್ಕೆ ಹೇಳಿದಂತೆ ಹೊರಳುತ್ತಿದ್ದವು. ನನ್ನ ವೈರಿಂಗ್ ಗಟ್ಟಿಯಾಗಿತ್ತು. ಆದರೆ ಗೇಣೆತ್ತರದ ಒಡೆದ ಅಂಚನ್ನು ಹಿಮ್ಮುಖವಾಗಿ ಹತ್ತುವುದು ಆಗಲಿಲ್ಲ. ಹಗ್ಗ ಎಳೆದೆ. ಅದು ಸಂದಿಯಲ್ಲಿ ಕಚ್ಚಿಕೊಂಡಿತ್ತು. ಇಂಜಿನಿಯರ್ ಸೇರಿ ಎಳೆದರು. ಬರಲಿಲ್ಲ.

ಹಿಂದೆ ನಿಂತಿದ್ದಾತ ಮುಂದೆ ಬಂದ. "ನಾ ಹೋಗಿ ಬಿಡಿಸ್ತೀನಿ. ಎಷ್ಟೊತ್ತಿನ ಕೆಲಸ? ಉಸಿರು ಬಿಗಿ ಹಿಡಕಂಡು ಹೋಗಿ ಹಿಂಗೆ ಬರ್ತೀನಿ. ಮೀಟರೂ ಅಲ್ಲೇ ಐತೆ."

ನಾನು ಮೊದಲ ದಿನದಿಂದ ಹೆದರಿದ್ದು ಇದೇ ಮಾತಿಗೆ. ಇಂಜಿನಿಯರ್ ಬೇಡ ಎಂದು ತಲೆಯಾಡಿಸುತ್ತಿದ್ದರು. ಆತ ಅವರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ವಸ್ತು ನಮ್ಮದು, ನಾವು ಬೇಕು ಅಂದರೆ ಹೋಗುವವನೇ. ನಾದಿನಿಯ ಕಡೆ ತಿರುಗಿದೆ. ಆ ಕಾರಿಗೆ ಅವಳು ವರ್ಷಗಟ್ಟಲೆ ಒಂದೊಂದೇ ಬಿಡಿಭಾಗ ಕೂಡಿಸಿದ್ದಳು. ಅವಳು ರಿಮೋಟನ್ನು ಚೀಲದ ಮೇಲಿಟ್ಟು ಎದ್ದಳು.

"ನಮಗ ಅದು ಬ್ಯಾಡ," ಅಂದಳು. "ಅಲ್ಲೇ ಇರ್ಲಿ."

"ಅಕ್ಕಾರೆ, ಸುಮ್ನೆ ಹಾಳಾಗ್ತೈತೆ."

"ಆಗ್ಲಿ," ಅಂದೆ ನಾನು. "ನೀವು ಹಗ್ಗ ಬಿಚ್ರಿ."

ಆತ ಬಿಚ್ಚಲಿಲ್ಲ. ಗುತ್ತಿಗೆದಾರರ ಮುಖ ನೋಡಿದ. ಕೊಳವೆಯ ಬಾಯಿಂದ ಕೂಗು ಬರುತ್ತಲೇ ಇತ್ತು. ಅವರು ಆತನ ಹತ್ತಿರ ಹೋಗಿ, ಸೊಂಟದ ಗಂಟನ್ನು ತಮ್ಮ ಕೈಯಿಂದಲೇ ಬಿಚ್ಚಿದರು. "ಮ್ಯಾಲಿಂದ ಅಗಿಯಾಣ ಸಾಹೇಬ್ರ," ಅಂದರು ಇಂಜಿನಿಯರಿಗೆ. "ಜಾಗ ಎಲ್ಲಿ ಅಂತ ತೋರಿಸ್ರಿ."

ನನ್ನ ಕೈಯಲ್ಲಿದ್ದ ಹಗ್ಗದ ಗಂಟುಗಳನ್ನು ಎಣಿಸಿ, ಅಷ್ಟೇ ದೂರವನ್ನು ಮೇಲೆ ನೆಲದಲ್ಲಿ ಅಳೆದೆವು. ಅದು ಮಣ್ಣುರಸ್ತೆಯ ನಡುವೆ, ಇಟ್ಟಿಗೆ ಲಾರಿಗಳ ಗಾಲಿ ಗುರುತಿನ ಮೇಲೆ ಬಂತು. ಇಂಜಿನಿಯರ್ ಅಲ್ಲಿ ಸುಣ್ಣದ ಗೆರೆ ಎಳೆಸಿ, ರಸ್ತೆಯ ಎರಡೂ ಕಡೆ ಡ್ರಮ್ಮು ಇಡಿಸಿದರು. ನಾವು ಮನೆಗೆ ಹೊರಟಾಗಲೂ ಸ್ಕ್ರೀನಿನಲ್ಲಿ ಚಿತ್ರ ಬರುತ್ತಿತ್ತು. ನಾನೇ ಆರಿಸಿದೆ.

ಅಗೆತ ನಡೆದ ದಿನ ನಮ್ಮನ್ನು ಕರೆದರು. ಹೋಗದಿದ್ದರೂ ಆಗುತ್ತಿತ್ತು, ಆದರೆ ಮನೆಯಲ್ಲಿ ಕೂರಲು ನನ್ನಿಂದ ಆಗಲಿಲ್ಲ. ನಾದಿನಿಯೂ ಬಂದಳು. ಜೆಸಿಬಿ ಸುಣ್ಣದ ಗೆರೆಯ ಮೇಲೆ ಅಗೆದು ಬದಿಗೆ ಮಣ್ಣು ಒಟ್ಟುತ್ತಿತ್ತು. ಕೊಳವೆಯ ಬೆನ್ನು ಕಂಡ ಮೇಲೆ ಯಂತ್ರ ನಿಲ್ಲಿಸಿ, ನಾಲ್ಕಾರು ಜನ ಸನಿಕೆ ಹಿಡಿದು ಇಳಿದರು. ಆ ದಿನ ಹಗ್ಗ ಕಟ್ಟಿಕೊಂಡಿದ್ದಾತನೂ ಅವರಲ್ಲಿದ್ದ. ನಮ್ಮನ್ನು ನೋಡಿ ಸನಿಕೆ ಎತ್ತಿ ತೋರಿಸಿದ. ನಮಸ್ಕಾರವೋ, ಇವತ್ತಿಗೂ ಕೆಲಸ ಸಿಕ್ಕಿತು ಎಂದು ಹೇಳುವುದೋ ಗೊತ್ತಾಗಲಿಲ್ಲ.

ಕೂಡುವ ಜಾಗದ ಸುತ್ತ ಮಣ್ಣು ಬಿಡಿಸಿ, ಎಲ್ಲರೂ ಮೇಲೆ ಬಂದ ಮೇಲೆ ಜೆಸಿಬಿಯವನು ಬಕೆಟ್ಟಿನ ಹಲ್ಲನ್ನು ಕೊಳವೆಗೆ ಮೆಲ್ಲಗೆ ತಾಗಿಸಿದ. ಒಡೆಯಬೇಕೆಂದಲ್ಲ, ಎಷ್ಟು ಗಟ್ಟಿಯಿದೆ ಎಂದು ನೋಡಲು. ತಾಗಿದ್ದೇ ತಡ, ಕುಸಿದ ಕೊಳವೆಯ ಮೇಲ್ಭಾಗ ಇಡೀ ಒಂದು ಹಾಸುಗಲ್ಲಿನ ಹಾಗೆ ಒಳಗೆ ಬಿತ್ತು. ಧೂಳು ಏಳಲಿಲ್ಲ, ಒದ್ದೆ ಮಣ್ಣು. ಬರೀ ಒಂದು ಧಪ್ ಸದ್ದು. ನದಿ ವಾಸನೆಯಲ್ಲದ, ಕೊಳೆತ ವಾಸನೆಯೊಂದು ಗುಂಡಿಯಿಂದ ಮೇಲೆ ಬಂತು. ಎಲ್ಲರೂ ಹಿಂದೆ ಸರಿದೆವು.

ಗಾಳಿ ಆಡಲೆಂದು ತುಂಬ ಹೊತ್ತು ಹಾಗೇ ಬಿಟ್ಟರು. ಇಂಜಿನಿಯರ್ ಬೇರೊಂದು ಮೀಟರನ್ನು ಹಗ್ಗದಲ್ಲಿ ಇಳಿಸಿ, ಓದಿ, ಸ್ವಲ್ಪ ಬಿಟ್ಟು ಮತ್ತೊಮ್ಮೆ ಓದಿ, ಆಮೇಲೆ ಸರಿ ಅಂದರು. ಆತನೇ ಇಳಿದ. ಇನ್ನಿಬ್ಬರು ಸೇರಿ ಹಾರೆ ಹಾಕಿ ಸಿಮೆಂಟಿನ ತುಂಡನ್ನು ಎಬ್ಬಿಸಿದರು. ಅದರ ಕೆಳಗೆ ಕೈ ಚಾಚಿ ಆತ ಮೊದಲು ಹಳದಿ ಮೀಟರನ್ನು ಎಳೆದು ಮೇಲಕ್ಕೆ ಕೊಟ್ಟ. ಗಾಜು ಪುಡಿಯಾಗಿತ್ತು. ಆಮೇಲೆ ಕಾರು ಬಂತು. ಚಾಸಿಸ್ ನಡುವೆ ಬಾಗಿತ್ತು, ರಿಸೀವರಿನ ಪೆಟ್ಟಿಗೆ ಒಡೆದು ಒಳಗೆಲ್ಲ ಕೆಸರು. ಸರ್ವೋದ ಕಪ್ಪು ವೈರು ಮಾತ್ರ ಬೆಸೆದಲ್ಲೇ ಇತ್ತು.

ಆತ ಅದನ್ನು ಬೇರೆಯವರ ಕೈಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಏಣಿ ಹತ್ತಲಾಗದೆ, ಒಂದು ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಬಂದ. ನಮ್ಮ ಮುಂದೆ ನೆಲದ ಮೇಲೆ ಇಟ್ಟ. ಹಾಗೇ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡಿದ.

"ಮಣ್ಣು ಕಟ್ಟಿರ್ತೈತೆ ಅಂತ ಮೊದ್ಲೇ ಅಂದ್ಕಂಡಿದ್ದೆ," ಅಂದ. ಯಾರಿಗೆ ಹೇಳುತ್ತಿದ್ದಾನೆಂದು ಗೊತ್ತಾಗುವಂತಿರಲಿಲ್ಲ. "ಅಂಗಾತ ಮಲಗಿ, ಬೆನ್ನು ಕೆಳಗೆ ಕೊಟ್ಟು, ಎರಡೂ ಕಾಲು ಆ ಬಿದ್ದ ಮ್ಯಾಲ್ಭಾಗಕ್ಕೆ ಒತ್ತಿ ಮಣ್ಣು ನೂಕಬೇಕು ಅಂತ. ಹಂಗೇ ಮಾಡೋದು ನಾವು."

ಗುತ್ತಿಗೆದಾರರು ಗುಂಡಿಯ ಅಂಚಿನಲ್ಲಿ ನಿಂತು ಬಿದ್ದ ಸಿಮೆಂಟಿನ ತುಂಡನ್ನು ನೋಡುತ್ತಿದ್ದರು. ಆತ ಕೈಯ ಕೆಸರನ್ನು ಚಡ್ಡಿಗೆ ಒರೆಸಿಕೊಂಡು, ಜೇಬಿನಿಂದ ಫೋನು ತೆಗೆದು, ಸ್ವಲ್ಪ ದೂರ ಹೋಗಿ ನಿಂತ. ಮನೆಗೆ ಮಾಡಿದ್ದಿರಬೇಕು. "ಏನಿಲ್ಲ, ಸುಮ್ನೆ ಮಾಡಿದೆ," ಅನ್ನುತ್ತಿದ್ದ. "ಸುಮ್ನೆ. ಏನ್ ಅಡಿಗಿ ಮಾಡೀಯ?"